ಪೆನ್ಸಿಲ್‌ನಲ್ಲಿ ಬರೆದ ವಿಡಿಯೋ, ಹತ್ತು ನಿಮಿಷದಲ್ಲಿ ಮುಗಿದ ಹಾಡು

ಹೋದ ತಿಂಗಳು ಈ ಪುಟದ ಕೊನೇಲಿ, ನಿಮಗಿಷ್ಟವಾದ ಹಾಡಿನ ಹಿಂದೆ ಏನು ಕಥೆ ಇದೆ ಅಂತ ತಿಳ್ಕೋಬೇಕು ಅನ್ಸಿದ್ರೆ ಬರೀರಿ ಅಂತ ಒಂದೇ ಒಂದು ಸಾಲು ಹಾಕಿದ್ದೆ. ಅದಕ್ಕೆ ಬಂದಿರೋ ಪತ್ರ, ಮೇಲ್, ವಾಟ್ಸಾಪ್ ವಾಯ್ಸ್ ಮೆಸೇಜ್ ಎಲ್ಲ ಸೇರಿಸಿದ್ರೆ ಎರಡು ಸಂಚಿಕೆಗೆ ಆಗೋವಷ್ಟಿದೆ. ಚಿಕ್ಕಮಗಳೂರಿನ ಓದುಗರೊಬ್ರು ಹೆಸರು ಗೊತ್ತಿಲ್ಲದ ಹಾಡನ್ನ ತಾವೇ ಗುನುಗಿ ರೆಕಾರ್ಡ್ ಮಾಡಿ ಕಳಿಸಿದ್ದಾರೆ, ಮೂರನೇ ಸಲ ಕೇಳಿದಾಗ ಯಾವ್ದು ಅಂತ ಸಿಕ್ತು, ಉತ್ತರ ಕೆಳಗಿದೆ. ಜಾಸ್ತಿ ಪ್ರಶ್ನೆ ಬಂದಿರೋದು ಹಳೇ ಇಂಗ್ಲಿಷ್ ಹಾಡುಗಳ ವಿಡಿಯೋ ಬಗ್ಗೇನೇ, ಹಾಗಾಗಿ ಅವನ್ನೇ ಮೊದಲು ತಗೊಂಡಿದ್ದೀನಿ. ಹಾಡಿದೋರ ಹೆಸರು ಎಲ್ರಿಗೂ ಗೊತ್ತಿರುತ್ತೆ, ಆ ಚಿತ್ರ ಮಾಡ್ದೋರ ಹೆಸರು ಯಾರ ಬಾಯಲ್ಲೂ ಬರಲ್ಲ, ಇದು ನನಗೆ ಯಾವಾಗ್ಲೂ ಬೇಜಾರಿನ ವಿಷಯ, ಅದಕ್ಕೇ ನನಗೆ ಗೊತ್ತಿರೋ ಕಡೆಯೆಲ್ಲ ಅವರ ಹೆಸರನ್ನ ಬಿಡದೆ ಬರ್ದಿದ್ದೀನಿ.

ಪ್ರಶ್ನೆ: ಸರ್, ನಮ್ಮ ಮಗ ದಿನಾ ಸಂಜೆ ಕ್ವೀನ್ ಬ್ಯಾಂಡಿನ "ಬೊಹೀಮಿಯನ್ ರಾಪ್ಸೊಡಿ" ಹಾಕ್ತಾನೆ. ಕತ್ತಲಲ್ಲಿ ನಾಲ್ಕು ಮುಖ ಮಾತ್ರ ಕಾಣುತ್ತಲ್ಲ, ಅದು. ಪ್ರಪಂಚದ ಮೊದಲ ಮ್ಯೂಸಿಕ್ ವಿಡಿಯೋ ಇದೇ ಅಂತಾನೆ, ಹೌದಾ? ಅದ್ರಲ್ಲಿ ಬಿಸ್ಮಿಲ್ಲಾ ಅಂತ ಯಾಕೆ ಬರುತ್ತೆ? (ದಾವಣಗೆರೆಯಿಂದ)

ಮೊದಲನೇದು ಅಲ್ಲ. ಬೀಟಲ್ಸ್‌ನೋರು 1966ರಲ್ಲೇ ಟಿವಿಗೆ ಅಂತ ಹಾಡಿನ ಫಿಲಂ ಮಾಡಿ ಕಳಿಸ್ತಿದ್ರು, ಯಾಕಂದ್ರೆ ಪ್ರತಿ ಸ್ಟುಡಿಯೋಗೂ ಹೋಗಿ ಹಾಡಿ ಬರೋಕೆ ಅವರಿಗೆ ಆಗ್ತಿರ್ಲಿಲ್ಲ. ಆದ್ರೆ ನಿಮ್ಮ ಮಗ ಹೇಳೋದು ಪೂರ್ತಿ ತಪ್ಪೂ ಅಲ್ಲ. ಹಾಡು ಗೆಲ್ಲಬೇಕು ಅಂದ್ರೆ ಅದರ ಜೊತೆ ಒಂದು ವಿಡಿಯೋ ಇರಲೇಬೇಕು ಅನ್ನೋದು ರೆಕಾರ್ಡ್ ಕಂಪನಿಗಳ ತಲೇಲಿ ಕೂತಿದ್ದು ಈ ಹಾಡಿನಿಂದ.

ಹಾಡು ಬಂದಿದ್ದು 1975ರ ಅಕ್ಟೋಬರ್ 31ಕ್ಕೆ. ಆರು ನಿಮಿಷಕ್ಕೆ ಐದೇ ಸೆಕೆಂಡ್ ಕಮ್ಮಿ. ಆಗೆಲ್ಲ ರೇಡಿಯೋದಲ್ಲಿ ಮೂರು ನಿಮಿಷ ದಾಟಿದ್ರೆ ಮುಖ ಸಿಂಡರಿಸ್ತಿದ್ರು, ಇಷ್ಟುದ್ದದ ಹಾಡು ಯಾರು ಹಾಕ್ತಾರೆ ಅಂತ ಕಂಪನಿಯೋರೇ ತಕರಾರು ತೆಗೆದ್ರು. ಕೆನ್ನಿ ಎವೆರೆಟ್ ಅಂತ ಲಂಡನ್ನಿನ ರೇಡಿಯೋ ಜಾಕಿ, ಬ್ಯಾಂಡಿನೋರ ಸ್ನೇಹಿತ, ಒಂದೇ ವೀಕೆಂಡಲ್ಲಿ 14 ಸಲ ಹಾಕಿಬಿಟ್ರು, ಜನ ಅಂಗಡಿ ಮುಂದೆ ಬಂದು ನಿಂತ್ರು. ಇಂಗ್ಲೆಂಡಲ್ಲಿ ಹಾಡು ಹಿಟ್ ಆಗಬೇಕಾದ್ರೆ ಬಿಬಿಸಿಯ "ಟಾಪ್ ಆಫ್ ದಿ ಪಾಪ್ಸ್"ನಲ್ಲಿ ಬರಬೇಕಿತ್ತು, ಅಲ್ಲಿ ಹೋಗಿ ರೆಕಾರ್ಡಿಗೆ ಬಾಯಾಡಿಸಬೇಕಿತ್ತು. ಈ ಹಾಡಿನ ನಡುವೆ ಇರೋ ಒಪೆರಾ ಭಾಗಕ್ಕೆ, ಅಂದ್ರೆ ಪಾಶ್ಚಾತ್ಯ ಸಂಗೀತ ನಾಟಕದ ಥರ ಹಾಡೋ ಭಾಗಕ್ಕೆ, ಮೂರು ಜನ ನಿಂತು ಬಾಯಾಡಿಸಿದ್ರೆ ಹೇಗಿರುತ್ತೆ ಯೋಚನೆ ಮಾಡಿ, ಅಲ್ಲಿ ಕೇಳೋದು ದೊಡ್ಡ ಮೇಳದ ದನಿ. ಅದೂ ಅಲ್ಲದೆ ಬ್ಯಾಂಡು ಟೂರ್ ಹೊರಟಿತ್ತು. ಹಾಗಾಗಿ ಬ್ರೂಸ್ ಗವರ್ಸ್ ಅನ್ನೋ ಡೈರೆಕ್ಟರನ್ನ ಕರೆಸಿ, ಟೂರಿಗೆ ಪ್ರಾಕ್ಟೀಸ್ ಮಾಡ್ತಿದ್ದ ಎಲ್‌ಸ್ಟ್ರೀ ಸ್ಟುಡಿಯೋದಲ್ಲೇ, ಒಂದು ಸಂಜೆ ನಾಲ್ಕು ಗಂಟೆ ಹೊತ್ತಲ್ಲಿ ಶೂಟಿಂಗ್ ಮುಗಿಸಿದ್ರು. ಖರ್ಚು ಸುಮಾರು 4500 ಪೌಂಡ್ ಅಷ್ಟೇ. ನವೆಂಬರ್ 20ಕ್ಕೆ ಟಿವೀಲಿ ಬಂತು, ಹಾಡು ಒಂಬತ್ತು ವಾರ ನಂಬರ್ ಒನ್.

ಆ ಕತ್ತಲ ಮುಖಗಳು ಬ್ಯಾಂಡಿನ ಹಳೇ ಆಲ್ಬಮ್ಮಿನ ಕವರ್ ಫೋಟೋದಿಂದ ಬಂದಿದ್ದು, ತೆಗೆದೋರು ಮಿಕ್ ರಾಕ್. ಒಂದು ಮುಖದ ಹಿಂದೆ ಅದೇ ಮುಖ, ಅದರ ಹಿಂದೆ ಮತ್ತೆ ಅದೇ, ಹೀಗೆ ಸಾಲುಗಟ್ಟಿ ಹೋಗುತ್ತಲ್ಲ, ಅದನ್ನ ಕಂಪ್ಯೂಟರಲ್ಲಿ ಮಾಡಿದ್ದಾರೆ ಅಂತ ಈಗಿನ ಹುಡುಗ್ರು ಅನ್ಕೋತಾರೆ. ಕಂಪ್ಯೂಟರ್ ಎಲ್ಲಿತ್ತು ಆವಾಗ? ಕ್ಯಾಮೆರಾನ ಅದೇ ಕ್ಯಾಮೆರಾದ ಚಿತ್ರ ಬರ್ತಿರೋ ಟಿವಿ ಕಡೆ ತಿರುಗಿಸಿದ್ದು, ಅಷ್ಟೇ. ನಮ್ಮೂರ ಹಳೇ ಕಟಿಂಗ್ ಶಾಪಲ್ಲಿ ಹಿಂದೊಂದು ಮುಂದೊಂದು ಕನ್ನಡಿ ಇರ್ತಿತ್ತಲ್ಲ, ಕುರ್ಚಿ ಮೇಲೆ ಕೂತ್ರೆ ನಮ್ಮ ತಲೆ ಸಾಲಾಗಿ ಒಳಗೆ ಒಳಗೆ ಹೋಗ್ತಾ ಇರ್ತಿತ್ತು, ಅದೇ ಲೆಕ್ಕ. ಜೇನುಗೂಡಿನ ಹಾಗೆ ಮುಖ ಹಲವಾಗೋದು ಲೆನ್ಸಿನ ಮುಂದೆ ಇಟ್ಟ, ಹಲವು ಮುಖ ಕೊರೆದ ಗಾಜಿಂದ.

ನನಗೆ ವಿಡಿಯೋಗಿಂತ ಹೆಚ್ಚು ಇಷ್ಟ ಅದರ ರೆಕಾರ್ಡಿಂಗ್ ಕಥೆ. ವೇಲ್ಸ್‌ನ ರಾಕ್‌ಫೀಲ್ಡ್ ಅನ್ನೋ ಹಳ್ಳಿ ಕಡೆಯ ಸ್ಟುಡಿಯೋದಲ್ಲಿ ಶುರು ಮಾಡಿದ್ರು, ಪ್ರೊಡ್ಯೂಸರ್ ರಾಯ್ ಥಾಮಸ್ ಬೇಕರ್. ಒಪೆರಾ ಭಾಗಕ್ಕೆ ಬ್ಯಾಂಡಿನ ನಾಲ್ವರಲ್ಲಿ ಮುಖ್ಯ ಗಾಯಕ ಫ್ರೆಡ್ಡಿ ಮರ್ಕ್ಯುರಿ, ಬ್ರಯಾನ್ ಮೇ, ರೋಜರ್ ಟೇಲರ್ ಮೂರೇ ಜನ ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾಡಿದ್ದು. ಟೇಪಲ್ಲಿ ಇದ್ದಿದ್ದು 24 ಟ್ರ್ಯಾಕ್, ಅಂದ್ರೆ ದನಿಗಳನ್ನ ಬೇರೆ ಬೇರೆಯಾಗಿ ಹಿಡಿಯೋ 24 ಸಾಲು, ಬೇಕಾಗಿದ್ದು ಅದರ ಎಷ್ಟೋ ಪಟ್ಟು, ಹಾಗಾಗಿ ಹಾಡಿದ್ದನ್ನೆಲ್ಲ ಒಂದು ಟ್ರ್ಯಾಕಿಗೆ ಇಳಿಸಿ, ಖಾಲಿಯಾದ ಜಾಗದಲ್ಲಿ ಮತ್ತೆ ಹಾಡಿ, ಮತ್ತೆ ಇಳಿಸಿ, ಹೀಗೆ ದನಿ ಮೇಲೆ ದನಿ ಕೂರಿಸಿದ್ದು 180 ಸಲದಷ್ಟು ಅಂತಾರೆ. ಕ್ಯಾಸೆಟ್ ಕಾಲದೋರಿಗೆ ನೆನಪಿರುತ್ತೆ, ಟೇಪ್ ರೆಕಾರ್ಡರಿನ ಹೆಡ್ಡನ್ನ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದ್ರೆ ಕಂದು ಪುಡಿ ಅಂಟ್ಕೊಂಡು ಬರ್ತಿತ್ತು. ದನಿ ಕೂತಿರೋದೇ ಆ ಪುಡೀಲಿ. ಇವರ ಟೇಪು ಅಷ್ಟು ಸಲ ಹೆಡ್ ಮೇಲೆ ಓಡಿ ಓಡಿ ಪುಡಿ ಉದುರಿ, ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣೋ ಹಾಗಾಗಿತ್ತಂತೆ.

ಬಿಸ್ಮಿಲ್ಲಾ ಬಗ್ಗೆ: ಆ ಹಾಡಿನ ಅರ್ಥ ಏನು ಅಂತ ಫ್ರೆಡ್ಡಿ ಕೊನೇವರೆಗೂ ಯಾರಿಗೂ ಬಿಡಿಸಿ ಹೇಳ್ಲಿಲ್ಲ. ಅವರ ನಿಜವಾದ ಹೆಸರು ಫರ್ರೋಖ್ ಬಲ್ಸಾರಾ, ಪಾರ್ಸಿ ಮನೆತನ, ಹುಟ್ಟಿದ್ದು ಜಾಂಜಿಬಾರ್ ದ್ವೀಪದಲ್ಲಿ, ಓದಿದ್ದು ಎಲ್ಲಿ ಗೊತ್ತಾ, ನಮ್ಮ ಬೆಳಗಾವಿ ದಾಟಿ ಪುಣೆ ಕಡೆ ಹೋಗೋವಾಗ ಸಾತಾರಾ ಜಿಲ್ಲೇಲಿ ಸಿಗೋ ಪಂಚಗನಿಯ ಬೋರ್ಡಿಂಗ್ ಸ್ಕೂಲಲ್ಲಿ. ಅಲ್ಲೇ ಹುಡುಗರ ಜೊತೆ ಮೊದಲ ಬ್ಯಾಂಡ್ ಕಟ್ಟಿದ್ದು. ಜಾಂಜಿಬಾರ್‌ನಲ್ಲಿ ಬಾಂಗ್ ಕೇಳ್ತಾ, ಪಂಚಗನೀಲಿ ಚರ್ಚಿನ ಕಾಯಿರ್ ಕೇಳ್ತಾ, ಮನೇಲಿ ಲತಾ ಮಂಗೇಶ್ಕರ್ ಕೇಳಿ ಬೆಳೆದ ಹುಡುಗನ ಕಿವೀಲಿ ಈ ಪದ ಇದ್ದಿದ್ದು ನನಗೇನೂ ಆಶ್ಚರ್ಯ ಅನ್ಸಲ್ಲ.

ಪ್ರಶ್ನೆ: ಗುನುಗಿ ಕಳಿಸಿದ್ದೀನಿ. ವಿಡಿಯೋದಲ್ಲಿ ಹುಡುಗಿ ಹೋಟೆಲಲ್ಲಿ ಕಾಮಿಕ್ಸ್ ಓದ್ತಿರ್ತಾಳೆ, ಪುಸ್ತಕದಿಂದ ಒಂದು ಕೈ ಬಂದು ಒಳಗೆ ಕರ್ಕೊಂಡು ಹೋಗುತ್ತೆ. ಚಿಕ್ಕೋಳಿದ್ದಾಗ ಚಿಕ್ಕಪ್ಪನ ಮನೇಲಿ ನೋಡಿದ್ದು, ಹೆಸರು ಗೊತ್ತಿಲ್ಲ. (ಚಿಕ್ಕಮಗಳೂರಿನಿಂದ)

ಅದು "ಟೇಕ್ ಆನ್ ಮಿ", ನಾರ್ವೆ ದೇಶದ ಆ-ಹಾ ಅನ್ನೋ ಮೂರು ಹುಡುಗರ ಬ್ಯಾಂಡು. ನಿಮ್ಮ ಗುನುಗು ಸರಿಯಾಗೇ ಇತ್ತು, ಆ ಮೇಲಿನ ಸ್ವರಕ್ಕೆ ಹೋಗೋದು ಯಾರಿಗಾದ್ರೂ ಕಷ್ಟಾನೇ.

ಈ ಹಾಡು ಒಂದೇ ಸಲಕ್ಕೆ ಗೆದ್ದಿದ್ದಲ್ಲ. 1984ರಲ್ಲಿ ಮೊದಲು ಬಿಟ್ಟಾಗ ಮೂವರೂ ನಿಂತು ಹಾಡೋ ಸಾಧಾರಣ ವಿಡಿಯೋ ಇತ್ತು, ಹಾಡೂ ಓಡ್ಲಿಲ್ಲ. ಅಲನ್ ಟಾರ್ನಿ ಅನ್ನೋ ಪ್ರೊಡ್ಯೂಸರ್ ಹತ್ರ ಮತ್ತೆ ರೆಕಾರ್ಡ್ ಮಾಡ್ಸಿದ್ರು, ವಾರ್ನರ್ ಕಂಪನಿಯ ಜೆಫ್ ಅಯೆರಾಫ್ ಈ ಹಾಡನ್ನ ಕೈಬಿಡಬಾರ್ದು ಅಂತ ಹಟ ಹಿಡಿದು ಹೊಸ ವಿಡಿಯೋಗೆ ದುಡ್ಡು ಹಾಕ್ಸಿದ್ರು. ಡೈರೆಕ್ಟರ್ ಸ್ಟೀವ್ ಬ್ಯಾರನ್. ಆ ಪೆನ್ಸಿಲ್ ಚಿತ್ರ ಎಲ್ಲ ಬರೆದಿದ್ದು ಮೈಕಲ್ ಪ್ಯಾಟರ್ಸನ್ ಮತ್ತೆ ಕ್ಯಾಂಡೇಸ್ ರೆಕಿಂಜರ್ ಅನ್ನೋ ಜೋಡಿ.

ಹೇಗೆ ಬರೆದ್ರು ಅಂತ ಹೇಳ್ತೀನಿ. ಸ್ಕೂಲಲ್ಲಿ ನಕ್ಷೆ ಇಳಿಸೋಕೆ ಕಿಟಕಿ ಗಾಜಿಗೆ ಹಾಳೆ ಒತ್ತಿ ಹಿಡಿದು, ಆ ಕಡೆಯಿಂದ ಬಿಸಿಲು ಬಿದ್ದಾಗ ಗೆರೆ ತಿದ್ದುತಿದ್ವಿ ನೆನಪಿದ್ಯಾ, ಅದೇ ಕೆಲಸ. ಮೊದಲು ಹುಡುಗ ಹುಡುಗೀನ ನಿಜವಾಗಿ ಶೂಟ್ ಮಾಡ್ಕೋತಾರೆ, ಆಮೇಲೆ ಆ ಫಿಲಮ್ಮಿನ ಒಂದೊಂದು ಫ್ರೇಮನ್ನೂ ಕಾಗದದ ಮೇಲೆ ಬೀಳಿಸಿ ಪೆನ್ಸಿಲಲ್ಲಿ ಗೆರೆ ಎಳೀತಾರೆ, ಮುಂದಿನ ಫ್ರೇಮ್ ಬೀಳಿಸಿ ಹೊಸ ಹಾಳೆ ಮೇಲೆ ಮತ್ತೆ ಎಳೀತಾರೆ. ಇದಕ್ಕೆ ರೋಟೋಸ್ಕೋಪಿಂಗ್ ಅಂತ ಹೆಸರು, ಮ್ಯಾಕ್ಸ್ ಫ್ಲೈಶರ್ ಅನ್ನೋರು 1915ರಲ್ಲೇ ಕಂಡುಹಿಡಿದ ಪದ್ಧತಿ. ಈ ಒಂದು ಹಾಡಿಗೆ ಸುಮಾರು 3000 ಫ್ರೇಮ್, 16 ವಾರ ಕೂತು ಬರೆದಿದ್ದಾರೆ. ಅದ್ರಲ್ಲೂ ಇಬ್ರೂ ಒಂದು ಚೌಕಟ್ಟಿನ ಆಚೆ ಈಚೆ ಸುತ್ತೋ ಜಾಗ ಇದ್ಯಲ್ಲ, ಚೌಕಟ್ಟಿನೊಳಗೆ ಕಂಡ್ರೆ ನಿಜ ಮನುಷ್ಯ, ಹೊರಗೆ ಬಂದ ಕೂಡ್ಲೇ ಪೆನ್ಸಿಲ್ ಗೆರೆ, ಅದನ್ನ ಒಂದ್ಸಲ ನಿಲ್ಲಿಸಿ ನಿಲ್ಲಿಸಿ ನೋಡಿ. ಚೌಕಟ್ಟಿನ ಅಂಚಲ್ಲಿ ಅರ್ಧ ಮುಖ ಚರ್ಮ, ಅರ್ಧ ಮುಖ ಗೀಟು.

ಆ ಗೆರೆಗಳು ಸುಮ್ನೆ ನಿಂತಿರೋವಾಗ್ಲೂ ಮಿಣುಕ್ತಾ ನಡುಗ್ತಾ ಇರುತ್ತೆ, ಗಮನಿಸಿದ್ದೀರಾ? ಒಂದೇ ಕೆನ್ನೇನ ಮನುಷ್ಯನ ಕೈ ಎರಡು ಸಲ ಒಂದೇ ಥರ ಬರೆಯೋಕೆ ಆಗಲ್ಲ, ಪ್ರತಿ ಹಾಳೇಲೂ ಗೆರೆ ಕೂದಲೆಳೆಯಷ್ಟು ಆಚೀಚೆ ಬೀಳುತ್ತೆ. ಆ ನಡುಕದಲ್ಲೇ ಇಡೀ ವಿಡಿಯೋದ ಜೀವ ಇರೋದು ಅಂತ ನನ್ನ ಅಭಿಪ್ರಾಯ. ಈಗ ಮೊಬೈಲಲ್ಲಿ ಒಂದು ಫಿಲ್ಟರ್ ಒತ್ತಿದ್ರೆ ಮುಖ ಸ್ಕೆಚ್ ಆಗುತ್ತೆ, ಆದ್ರೆ ಆ ಉಸಿರಾಟ ಅದ್ರಲ್ಲಿ ಬರಲ್ಲ. 1985ರ ಅಕ್ಟೋಬರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯ್ತು, ಮುಂದಿನ ವರ್ಷ ಎಂಟಿವಿಯ ಆರು ಪ್ರಶಸ್ತಿ ಬಂತು. ಹಾಡು ಅದೇ ಹುಡುಗರದ್ದು, ಮೊದಲ ಸಲ ಸೋತಿದ್ದು ಅದೇ ಹಾಡು.

ಪ್ರಶ್ನೆ: ನನ್ನ ಮದುವೆ ರಿಸೆಪ್ಷನ್‌ಗೆ ಬ್ಯಾಂಡಿನವರಿಗೆ "ಎವೆರಿ ಬ್ರೆತ್ ಯು ಟೇಕ್" ನುಡಿಸೋಕೆ ಹೇಳಿದ್ದೀನಿ. ಅದು ಮದುವೆಗೆ ಆಗಬರಲ್ಲ ಅಂತ ಫ್ರೆಂಡ್ ಹೇಳ್ತಿದ್ದಾಳೆ. ಅಷ್ಟು ಮೆತ್ತಗಿನ ಹಾಡಲ್ಲಿ ಏನಿದೆ ತಪ್ಪು? (ಮೈಸೂರಿನಿಂದ)

ನಿಮ್ಮ ಫ್ರೆಂಡ್ ಸರಿಯಾಗೇ ಹೇಳಿದ್ದಾರೆ. ಪದ ಒಂದ್ಸಲ ಗಮನ ಇಟ್ಟು ಕೇಳಿ. ನೀನು ಇಡೋ ಪ್ರತಿ ಹೆಜ್ಜೆ, ತಗೊಳ್ಳೋ ಪ್ರತಿ ಉಸಿರು ನೋಡ್ತಾ ಇರ್ತೀನಿ ಅಂತ ಹೇಳ್ತಿರೋದು ಬಿಟ್ಟುಹೋದವಳ ಬೆನ್ನು ಬಿದ್ದವನು. ದಿ ಪೊಲೀಸ್ ಅನ್ನೋ ಇಂಗ್ಲಿಷ್ ಬ್ಯಾಂಡಿನ ಹಾಡಿದು, ಅದರ ಗಾಯಕ ಸ್ಟಿಂಗ್ ಇದನ್ನ ಬರೆದಿದ್ದು 1982ರಲ್ಲಿ, ಮೊದಲ ಮದುವೆ ಮುರಿದುಬಿದ್ದ ಹೊತ್ತಲ್ಲಿ, ಜಮೈಕಾದ ಗೋಲ್ಡನ್ ಐ ಅನ್ನೋ ಮನೇಲಿ ಕೂತು, ಜೇಮ್ಸ್ ಬಾಂಡ್ ಕಥೆ ಬರೆದ ಇಯಾನ್ ಫ್ಲೆಮಿಂಗ್ ಇದ್ರಲ್ಲ, ಅವರ ಮನೆ. ಇದು ಕಣ್ಗಾವಲಿನ ಹಾಡು, ಹೊಟ್ಟೆಕಿಚ್ಚಿನ ಹಾಡು ಅಂತ ಅವರೇ ಎಷ್ಟೋ ಇಂಟರ್‌ವ್ಯೂಗಳಲ್ಲಿ ಹೇಳಿದ್ದಾರೆ. ಜನ ಮೋಸ ಹೋಗೋದು ಅದೇ ಬ್ಯಾಂಡಿನ ಆಂಡಿ ಸಮರ್ಸ್ ನುಡಿಸಿರೋ ಗಿಟಾರಿಗೆ, ಜೋಗುಳದ ಹಾಗೆ ಒಂದೇ ಸಮ ತೂಗ್ತಾ ಹೋಗುತ್ತೆ. ವಿಡಿಯೋ ಮಾಡಿದ ಗಾಡ್ಲಿ ಮತ್ತೆ ಕ್ರೀಮ್‌ಗೆ ಹಾಡು ಅರ್ಥ ಆಗಿತ್ತು ಅನ್ಸುತ್ತೆ, ಹೂವು ಇಲ್ಲ, ಹುಡುಗಿ ಇಲ್ಲ, ಕಪ್ಪು ಬಿಳುಪು, ನೆರಳು, ಹಿಂದೆ ಒಬ್ಬ ಮನುಷ್ಯ ದೊಡ್ಡ ಕಿಟಕಿ ಒರೆಸ್ತಾ ಇರ್ತಾನೆ.

ರಿಸೆಪ್ಷನ್‌ಗೆ ಬೇರೆ ಹಾಡು ಆರಿಸಿ ಅಂತ ನನ್ನ ಮನಸಾರೆ ಸಲಹೆ. ನಿಮ್ಮಿಬ್ರಿಗೂ ಶುಭವಾಗ್ಲಿ.

ಪ್ರಶ್ನೆ: ಮೈಕಲ್ ಜಾಕ್ಸನ್ "ಥ್ರಿಲ್ಲರ್" ವಿಡಿಯೋ ಅಷ್ಟುದ್ದ ಯಾಕಿದೆ? ಆ ಕೆಂಪು ಜಾಕೆಟ್ ಹೊಲಿಸ್ಕೊಂಡು ಕಾಲೇಜ್ ಡೇ ಮಾಡಿದ್ವಿ. (ಹುಬ್ಬಳ್ಳಿಯಿಂದ)

ಅದನ್ನ ಸಿನಿಮಾ ಥರಾನೇ ಮಾಡಿದ್ದು, ಹತ್ತಿರ ಹತ್ತಿರ 14 ನಿಮಿಷ. ತೋಳಮನುಷ್ಯನ ಸಿನಿಮಾ ಮಾಡಿದ್ದ ಜಾನ್ ಲ್ಯಾಂಡಿಸ್ ಅವರಿಗೆ ಮೈಕಲ್ ತಾವೇ ಫೋನ್ ಮಾಡಿ ನನ್ನನ್ನ ರಾಕ್ಷಸ ಮಾಡಿ ಅಂತ ಕೇಳಿದ್ರು. ಆದ್ರೆ ಆಲ್ಬಮ್ ಬಂದು ಆಗ್ಲೇ ವರ್ಷ ಆಗ್ತಿತ್ತು, ಮಾರಾಟ ಆಗೋದೆಲ್ಲ ಆಯ್ತಲ್ಲ ಅಂತ ರೆಕಾರ್ಡ್ ಕಂಪನಿ ಪೂರ್ತಿ ದುಡ್ಡು ಹಾಕೋಕೆ ಮುಂದೆ ಬರ್ಲಿಲ್ಲ. ಆಗ ಇವ್ರು ಮಾಡಿದ ಉಪಾಯ ನೋಡಿ, ವಿಡಿಯೋ ಹೇಗೆ ಮಾಡಿದ್ವಿ ಅಂತ ಒಂದು ಗಂಟೆ ಹತ್ತಿರದ ಇನ್ನೊಂದು ಫಿಲಂ ಮಾಡಿ, ಅದನ್ನ ಟಿವಿಯೋರಿಗೆ ಮಾರಿ, ಆ ದುಡ್ಡಲ್ಲಿ ಇದನ್ನ ಮಾಡಿದ್ರು. ಈಗ ಪ್ರತಿ ಸಿನಿಮಾಗೂ "ಮೇಕಿಂಗ್" ವಿಡಿಯೋ ಬಿಡ್ತಾರಲ್ಲ, ಅದನ್ನ ದುಡ್ಡಾಗೋ ಸರಕು ಅಂತ ತೋರ್ಸಿಕೊಟ್ಟಿದ್ದು ಇವರೇ. 1983ರ ಡಿಸೆಂಬರಲ್ಲಿ ಬಂತು, ಆಲ್ಬಮ್ ಮಾರಾಟ ಮತ್ತೆ ಮೇಲೆದ್ದಿತು.

ಜಾಕೆಟ್ ವಿನ್ಯಾಸ ಲ್ಯಾಂಡಿಸ್ ಹೆಂಡತಿ ಡೆಬೊರಾ ಅವರದ್ದು. ರಾತ್ರಿ ಬೀದಿ, ಮಣ್ಣು ಬಣ್ಣದ ಬಟ್ಟೆ ಹಾಕಿರೋ ಹೆಣಗಳ ಗುಂಪು, ಅವುಗಳ ನಡುವೆ ಮೈಕಲ್ ಕಾಣಬೇಕು ಅಂತ ಕೆಂಪು ಆರಿಸಿದ್ದು. ಕುಣಿತ ಹಾಕಿಕೊಟ್ಟೋರು ಮೈಕಲ್ ಪೀಟರ್ಸ್, ಹೆಣದ ಮುಖ ಮಾಡಿದ್ದು ರಿಕ್ ಬೇಕರ್. ನೀವು ಕಾಲೇಜ್ ಡೇನಲ್ಲಿ ಕುಣಿದಿದ್ದು ಪೀಟರ್ಸ್ ಅವರ ಸ್ಟೆಪ್ಪು.

ಪ್ರಶ್ನೆ: "ಕುಂಗ್ ಫು ಫೈಟಿಂಗ್" ಹಾಡು ಮಾಡಿದ್ದು ನಮ್ಮ ಕೊಡಗಿನವರೇ ಅಂತ ನಮ್ಮ ಮಾವ ಹೇಳ್ತಿರ್ತಾರೆ. ನಾವು ಯಾರೂ ನಂಬಿಲ್ಲ. (ವಿರಾಜಪೇಟೆಯಿಂದ)

ನಿಮ್ಮ ಮಾವನ ಮಾತು ನೂರಕ್ಕೆ ನೂರು ನಿಜ, ದಯವಿಟ್ಟು ಈ ಪುಟ ಅವರಿಗೆ ತೋರಿಸಿ. ಬಿಡ್ಡು ಅಪ್ಪಯ್ಯ, ಕೊಡವ ಮನೆತನ, ಹುಟ್ಟಿ ಬೆಳೆದಿದ್ದು ಬೆಂಗಳೂರಲ್ಲಿ. ಹುಡುಗರಿದ್ದಾಗ ಇಲ್ಲೇ ಟ್ರೋಜನ್ಸ್ ಅಂತ ಬ್ಯಾಂಡ್ ಕಟ್ಕೊಂಡು ಬೀಟಲ್ಸ್ ಹಾಡೆಲ್ಲ ಹಾಡ್ತಿದ್ರು, 60ರ ದಶಕದಲ್ಲಿ ಲಂಡನ್ ದಾರಿ ಹಿಡಿದ್ರು.

1974ರ ಮಾತು. ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಅನ್ನೋ ಗಾಯಕರ ಹತ್ರ ಬೇರೆ ಒಂದು ಹಾಡು ಹಾಡಿಸೋಕೆ ಬಿಡ್ಡು ಸ್ಟುಡಿಯೋ ತಗೊಂಡಿದ್ರು, ಸಮಯ ಮೂರೇ ಗಂಟೆ. ರೆಕಾರ್ಡಿಗೆ ಎರಡು ಮುಖ ಇರುತ್ತಲ್ಲ, ಮುಖ್ಯ ಹಾಡಿಗೇ ಎರಡು ಗಂಟೆ ಮೇಲೆ ಹೋಯ್ತು, ಹಿಂದಿನ ಮುಖಕ್ಕೆ ಏನಾದ್ರೂ ಒಂದು ಬೇಕು, ನಿನ್ನ ಹತ್ರ ಏನಾದ್ರೂ ಬರೆದಿರೋದು ಇದ್ಯಾ ಅಂತ ಡಗ್ಲಸ್‌ನ ಕೇಳಿದ್ರು. ಅವರು ಕೊಟ್ಟ ಹಾಳೆಗಳಲ್ಲಿ ಬಿಡ್ಡು ಆರಿಸಿದ್ದು ಕುಂಗ್ ಫು ಬಗ್ಗೆ ಇದ್ದ ಹಾಳೆ, ನಿಂತಲ್ಲೇ ಟ್ಯೂನ್ ಹಾಕಿದ್ರು. ಉಳಿದಿದ್ದು ಹತ್ತು ನಿಮಿಷ. ಹೇಗಿದ್ರೂ ಹಿಂದಿನ ಮುಖದ ಹಾಡು, ಯಾರು ಕೇಳ್ತಾರೆ ಅಂತ "ಹೂ, ಹಾ" ಅಂತ ಹೊಡೆದಾಟದ ಕೂಗೆಲ್ಲ ಮನಸ್ಸಿಗೆ ಬಂದ ಹಾಗೆ ಸೇರಿಸಿದ್ರು. ಪೈ ರೆಕಾರ್ಡ್ಸ್ ಕಂಪನಿಯೋರು ಎರಡೂ ಕೇಳಿ, ಇದನ್ನೇ ಮುಂದಿನ ಮುಖಕ್ಕೆ ಹಾಕಿ ಅಂದ್ರು! ಮೊದಲ ಕೆಲವು ವಾರ ರೇಡಿಯೋದೋರು ಮುಟ್ಲಿಲ್ಲ, ಡಾನ್ಸ್ ಕ್ಲಬ್ಬುಗಳಲ್ಲಿ ಹತ್ಕೊಂಡ ಮೇಲೆ ತಡೆಯೋಕೆ ಆಗ್ಲಿಲ್ಲ, ಸೆಪ್ಟೆಂಬರಲ್ಲಿ ಇಂಗ್ಲೆಂಡಲ್ಲಿ ನಂಬರ್ ಒನ್, ಡಿಸೆಂಬರಲ್ಲಿ ಅಮೆರಿಕದಲ್ಲಿ ನಂಬರ್ ಒನ್.

ಅಲ್ಲಿಗೇ ನಿಲ್ಲಲ್ಲ ಇವರ ಕಥೆ. 1980ರಲ್ಲಿ "ಕುರ್ಬಾನಿ" ಸಿನಿಮಾಗೆ ಫಿರೋಜ್ ಖಾನ್ ಒಂದು ಹಾಡು ಕೇಳಿದ್ರು, ಲಂಡನಲ್ಲಿದ್ದ ಪಾಕಿಸ್ತಾನದ ಹುಡುಗಿ ನಾಜಿಯಾ ಹಸನ್ ಹತ್ರ ಹಾಡಿಸಿದ್ರು, ಅದೇ "ಆಪ್ ಜೈಸಾ ಕೋಯಿ". ಹಾಡಿದಾಗ ಆ ಹುಡುಗಿಗೆ 15 ವರ್ಷ. ಪರದೆ ಮೇಲೆ ಜೀನತ್ ಅಮಾನ್ ಕುಣಿದಿದ್ದು ಎಲ್ರಿಗೂ ನೆನಪಿದೆ, ದನಿ ಸ್ಕೂಲ್ ಹುಡುಗಿಯದು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರ್ಲಿಲ್ಲ. ಆಮೇಲೆ 1995ರಲ್ಲಿ "ಮೇಡ್ ಇನ್ ಇಂಡಿಯಾ", ಅದೂ ಬಿಡ್ಡು ಅವರದ್ದೇ. ಅದನ್ನ ಮೊದಲು ನಾಜಿಯಾಗೇ ಕೇಳಿದ್ರು, ಭಾರತವನ್ನ ಹೊಗಳೋ ಹಾಡು ಹಾಡಿದ್ರೆ ತನ್ನ ದೇಶದೋರಿಗೆ ನೋವಾಗುತ್ತೆ ಅಂತ ಅವರು ಒಪ್ಲಿಲ್ಲ, ಅಲಿಶಾ ಚಿನಾಯ್‌ಗೆ ಹೋಯ್ತು. ಕೆನ್ ಘೋಷ್ ಮಾಡಿದ ವಿಡಿಯೋ ನೀವೂ ನೋಡಿರ್ತೀರಿ, ದೇಶದೇಶದ ಗಂಡುಗಳನ್ನೆಲ್ಲ ಬೇಡ ಅಂದ ರಾಜಕುಮಾರಿ, ಕೊನೆಗೆ ಪೆಟ್ಟಿಗೆಯೊಳಗಿಂದ ಎದ್ದು ಬರೋ ಮಿಲಿಂದ್ ಸೋಮನ್. ಕೇಬಲ್ ಟಿವಿ ಆಗಷ್ಟೇ ನಮ್ಮ ಬೀದಿಗಳಿಗೆ ಬಂದಿತ್ತು, ಸಿನಿಮಾ ಇಲ್ಲದೆ ಒಂದು ಹಾಡು ತಾನೇ ನಿಂತು ಗೆಲ್ಲಬಹುದು ಅಂತ ನಮ್ಮ ದೇಶದಲ್ಲಿ ಸಾಬೀತಾಗಿದ್ದು ಆ ಮೂರ್ನಾಲ್ಕು ನಿಮಿಷದಿಂದ. ಇಷ್ಟೆಲ್ಲ ಮಾಡಿದ ಮನುಷ್ಯನ ಹೆಸರು ಅವರು ಹುಟ್ಟಿದ ಊರಲ್ಲೇ ಎಷ್ಟು ಜನಕ್ಕೆ ಗೊತ್ತು? ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಪ್ರಶ್ನೆ: "ಗಂಗ್ನಮ್ ಸ್ಟೈಲ್" ನೋಡಿದೋರ ಲೆಕ್ಕ ಜಾಸ್ತಿಯಾಗಿ ಯೂಟ್ಯೂಬ್ ಕೆಟ್ಟುಹೋಗಿತ್ತಂತೆ, ನಿಜಾನಾ? (ಕಲಬುರಗಿಯಿಂದ)

ಕೆಟ್ಟಿರ್ಲಿಲ್ಲ. ಯೂಟ್ಯೂಬಿನ ಲೆಕ್ಕದ ಮೀಟರು ಆಗ 2,147,483,647ರವರೆಗೆ ಮಾತ್ರ ಎಣಿಸೋ ಹಾಗಿತ್ತು, ಗಾಡಿಯ ಕಿಲೋಮೀಟರ್ ಮೀಟರಲ್ಲಿ ಎಲ್ಲ ಒಂಬತ್ತು ಆದ ಮೇಲೆ ಜಾಗ ಇರಲ್ವಲ್ಲ, ಹಾಗೆ. ಒಂದು ವಿಡಿಯೋ ಅಲ್ಲಿಗೆ ಮುಟ್ಟುತ್ತೆ ಅಂತ ಯಾರೂ ಅನ್ಕೊಂಡಿರ್ಲಿಲ್ಲ. 2014ರಲ್ಲಿ ಕೊರಿಯಾದ ಗಾಯಕ ಸೈ (Psy) ಅವರ ಈ ಹಾಡು ಹತ್ರ ಬರ್ತಿದೆ ಅಂತ ಮೊದಲೇ ನೋಡ್ಕೊಂಡು ಮೀಟರ್ ದೊಡ್ಡದು ಮಾಡಿಟ್ರು. 100 ಕೋಟಿ ದಾಟಿದ ಮೊದಲ ವಿಡಿಯೋನೂ ಅದೇ, 2012ರ ಡಿಸೆಂಬರ್ 21ಕ್ಕೆ. ಗಂಗ್ನಮ್ ಅನ್ನೋದು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದ ಶ್ರೀಮಂತರ ಬಡಾವಣೆ, ಆ ಪದಕ್ಕೆ ಹೊಳೆಯ ದಕ್ಷಿಣ ಅಂತ ಅರ್ಥ. ಶ್ರೀಮಂತರ ಹಾಗೆ ಕಾಣಬೇಕು ಅಂತ ಒದ್ದಾಡೋರನ್ನ ಕಿಚಾಯಿಸಿ ಮಾಡಿದ ಹಾಡದು.

ಪ್ರಶ್ನೆ: "ಮಿಲೇ ಸುರ್ ಮೇರಾ ತುಮ್ಹಾರಾ" ಶುರುವಲ್ಲಿ ಭೀಮಸೇನ ಜೋಶಿಯವರ ಜೊತೆ ತೋರ್ಸೋ ಜಲಪಾತ ನಮ್ಮ ಜೋಗ ಅಂತ ನಾನು, ಅಲ್ಲ ಅಂತ ನಮ್ಮ ಯಜಮಾನ್ರು. ನೀವೇ ತೀರ್ಪು ಕೊಡಿ. (ಸಾಗರದಿಂದ)

ನಿಮ್ಮ ಯಜಮಾನ್ರು ಗೆದ್ರು. ಅದು ಕೊಡೈಕೆನಾಲ್ ಕಡೆಯ ಜಲಪಾತ. ಆದ್ರೆ ಹಾಡ್ತಿರೋ ದನಿ ಮಾತ್ರ ನಮ್ಮದೇ, ಗದಗ ಸೀಮೆಯ ದನಿ. ಗುರು ಬೇಕು ಅಂತ ಹನ್ನೊಂದರ ವಯಸ್ಸಲ್ಲೇ ಮನೆ ಬಿಟ್ಟು ಊರೂರು ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಹತ್ರ ಕಲಿತ ದನಿ.

ಅದು ಮೊದಲು ಬಂದಿದ್ದು 1988ರ ಆಗಸ್ಟ್ 15ಕ್ಕೆ, ಕೆಂಪುಕೋಟೆಯ ಪ್ರಧಾನಿ ಭಾಷಣ ಮುಗಿದ ಮೇಲೆ. ಸ್ಕೂಲಲ್ಲಿ ಧ್ವಜ ಹಾರಿಸಿ ಸಿಹಿ ತಿಂದು ಬಂದು ಪಕ್ಕದ ಮನೆಯ ಕಪ್ಪು ಬಿಳುಪು ಟಿವಿ ಮುಂದೆ ಚಾಪೆ ಮೇಲೆ ಕೂತಿದ್ವಿ, ಮಹಡಿ ಮೇಲೆ ಒಬ್ಬ ಆಂಟೆನಾ ಹಿಡ್ಕೊಂಡು "ಬಂತಾ? ಬಂತಾ?" ಅಂತ ಕೂಗ್ತಿದ್ದ. ತಮಿಳು ಸಾಲು ಮುಗಿದು ಕನ್ನಡದ ಸಾಲು ಬಂದಾಗ ಆ ಮನೆಯ ಅಜ್ಜಿ "ನಮ್ದೂ ಹಾಕ್ಯಾರೆ" ಅಂತ ಎದ್ದು ನಿಂತಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆರು ನಿಮಿಷದಲ್ಲಿ 14 ಭಾಷೆ.

ಇದು ಜಾಹೀರಾತು ಮಾಡೋ ಜನ ಸೇರಿ ಮಾಡಿದ ಕೆಲಸ. ಯೋಚನೆ ಸುರೇಶ್ ಮಲಿಕ್ ಅವರದ್ದು, ಚಿತ್ರ ತೆಗೆದೋರು ಕೈಲಾಶ್ ಸುರೇಂದ್ರನಾಥ್, ಹಿಂದಿ ಸಾಲು ಬರೆದೋರು ಪಿಯೂಷ್ ಪಾಂಡೆ, ಆಗಿನ್ನೂ ಹೆಸರು ಮಾಡದ ಯುವಕ, ಎಷ್ಟೋ ಸಲ ಬರೆದಿದ್ದು ವಾಪಸ್ ಬಂದ ಮೇಲೆ ಒಪ್ಪಿಗೆ ಆಗಿದ್ದು. ಭೈರವಿ ರಾಗದ ಮೇಲೆ ಟ್ಯೂನ್ ಕಟ್ಟಿದ್ದು ಅಶೋಕ್ ಪತ್ಕಿ, ವಾದ್ಯಗಳನ್ನ ಜೋಡಿಸಿದ್ದು ಲೂಯಿ ಬ್ಯಾಂಕ್ಸ್. ಒಂದೇ ಟ್ಯೂನ್ ಪ್ರತಿ ಭಾಷೇಲೂ ಆ ಊರಿನ ವಾದ್ಯದ ಜೊತೆ ಬಣ್ಣ ಬದಲಾಯಿಸ್ತಾ ಹೋಗುತ್ತೆ, ಹಾಗಾಗಿ 14 ಸಲ ಕೇಳಿದ್ರೂ ಬೇಜಾರಾಗಲ್ಲ.

ಇನ್ನು ಜೋಗ ಬೇಕು ಅಂದ್ರೆ ಅದಕ್ಕೆ ನಮ್ಮ ಹತ್ರ ಬೇರೇನೇ ಹಾಡಿದೆ, ನಿಸಾರ್ ಅಹಮದ್ ಅವರ "ನಿತ್ಯೋತ್ಸವ". ಮೈಸೂರು ಅನಂತಸ್ವಾಮಿ ರಾಗ ಹಾಕಿದ್ರು, 1978ರಲ್ಲಿ ಕ್ಯಾಸೆಟ್ ಬಂತು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದು. ನಿಸಾರ್ ಅವರು ಕಲಿಸ್ತಿದ್ದಿದ್ದು ಕನ್ನಡ ಅಲ್ಲ, ಭೂವಿಜ್ಞಾನ, ನಿಮ್ಮ ಪಕ್ಕದ ಶಿವಮೊಗ್ಗದ ಕಾಲೇಜಲ್ಲೂ ಮೇಷ್ಟ್ರಾಗಿದ್ರು. ಅದನ್ನ ತಿಳ್ಕೊಂಡು ಆ ಹಾಡು ಇನ್ನೊಂದ್ಸಲ ಕೇಳಿ. ಜೋಗದ ಬೆಳಕು, ತುಂಗೆಯ ತೆನೆ ಬಳುಕು ಎಲ್ಲ ಯಾವ ಕವಿ ಕಣ್ಣಿಗಾದ್ರೂ ಬಿದ್ದೀತು, ಸಹ್ಯಾದ್ರಿ ಅಂದ ಕೂಡ್ಲೇ "ಲೋಹದದಿರು" ಅನ್ನೋ ಪದ ಹೊಳೆಯೋದು ಕಲ್ಲನ್ನ ಕೈಲಿ ಹಿಡಿದು ಒಳಗೆ ಏನಿದೆ ಅಂತ ನೋಡಿದೋರಿಗೆ ಮಾತ್ರ.

ಆ ಹಾಡಿಗೆ ಆಗ ವಿಡಿಯೋ ಇರ್ಲಿಲ್ಲ. ನಾನು ಜೋಗ ನೋಡೋಕೆ ಎಷ್ಟೋ ವರ್ಷ ಮೊದಲೇ ಕ್ಯಾಸೆಟ್ಟಲ್ಲಿ ನೋಡ್ಬಿಟ್ಟಿದ್ದೆ. ನಮ್ಮನೇದು ಓಡಿ ಓಡಿ ಟೇಪು ಸಡಿಲ ಆಗಿ ಆಗಾಗ ಸಿಕ್ಕಿಹಾಕ್ಕೊಳ್ತಿತ್ತು, ಅಪ್ಪ ಅದನ್ನ ಮೆಲ್ಲಗೆ ಬಿಡಿಸಿ, ಕ್ಯಾಸೆಟ್ಟಿನ ಹಲ್ಲಿಗೆ ನನ್ನ ಪೆನ್ಸಿಲ್ ತೂರಿಸಿ ತಿರುಗಿಸಿ ಬಿಗಿ ಮಾಡಿ ಮತ್ತೆ ಹಾಕೋರು. ಪೆನ್ಸಿಲ್ ಮಾತ್ರ ವಾಪಸ್ ಕೊಡ್ತಿರ್ಲಿಲ್ಲ, ಟೇಪ್ ರೆಕಾರ್ಡರ್ ಪಕ್ಕದಲ್ಲೇ ಇರ್ಲಿ ಅನ್ನೋರು.